ನೀವು ಯಾರು, ನಿಮ್ಮ ಹೋಮ್ ಎಲ್ಲಿ: ಪ್ರೋಗ್ರಾಂಗೆ ಗೊತ್ತಾಗುವುದು ಹೇಗೆ?

ಲಿನಕ್ಸ್ ಟರ್ಮಿನಲ್ ತೆರೆದು ‘ಐಡಿ’ ಎಂದು ಟೈಪ್ ಮಾಡಿ. (ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್‌ನಲ್ಲೇ ಹೊಡೆಯಬೇಕು, ಗೊತ್ತಲ್ವಾ.) ಉಬುಂಟುವಿನಲ್ಲಿ ಮೊದಲ ಅಕೌಂಟ್ ನಿಮ್ಮದೇ ಆಗಿದ್ದರೆ ಸಾಮಾನ್ಯವಾಗಿ ಯುಐಡಿ (ಯೂಸರ್ ಐಡಿ, ಅಂದರೆ ಬಳಕೆದಾರರ ನಂಬರ್) 1000 ಅಂತ ಕಾಣುತ್ತದೆ. ಮ್ಯಾಕ್‌ನಲ್ಲಿ 501. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ನೋಡುವುದು ಈ ನಂಬರನ್ನು ಮಾತ್ರ. ಹೆಸರು ಇರುವುದು ನಮ್ಮ ಅನುಕೂಲಕ್ಕೆ.

ಈಗ ‘ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ 1000’ ಕೊಡಿ. ಇಂಥ ಒಂದು ಸಾಲು ಬರುತ್ತದೆ:

ರಮ್ಯ:ಎಕ್ಸ್:1000:1000:ರಮ್ಯ:/ಹೋಮ್/ರಮ್ಯ:/ಬಿನ್/ಬ್ಯಾಶ್

ಒಟ್ಟು ಏಳು ಕಾಲಂ. ಮೊದಲನೆಯದು ಹೆಸರು, ಮೂರನೆಯದು ಯುಐಡಿ, ಆರನೆಯದು ಹೋಮ್ ಡೈರೆಕ್ಟರಿ (ನಿಮ್ಮ ಸ್ವಂತ ಫೈಲುಗಳಿರುವ ಜಾಗ). ಪ್ರೋಗ್ರಾಂ ಕೂಡ ಇದನ್ನೇ ಮಾಡುತ್ತದೆ: ‘ಗೆಟ್‌ಯುಐಡಿ’ ಕರೆದು ನಂಬರ್ ಪಡೆಯುತ್ತದೆ, ಆ ನಂಬರನ್ನು ‘ಗೆಟ್‌ಪಿಡಬ್ಲ್ಯೂಯುಐಡಿ’ಗೆ ಕೊಟ್ಟು ಸಾಲನ್ನು ತರಿಸಿಕೊಳ್ಳುತ್ತದೆ. ಇಟಿಸಿ ಡೈರೆಕ್ಟರಿಯಲ್ಲಿರುವ ಪಾಸ್‌ಡಬ್ಲ್ಯೂಡಿ ಫೈಲನ್ನು ನೀವೇ ತೆರೆದು ಓದಲು ಹೋಗಬೇಡಿ. ಆಫೀಸಿನ ಅಕೌಂಟ್‌ಗಳು ಎಲ್‌ಡ್ಯಾಪ್ ಸರ್ವರ್‌ನಲ್ಲಿದ್ದರೆ (ಎಲ್ಲರ ಅಕೌಂಟ್‌ಗಳನ್ನು ಒಂದೇ ಕಡೆ ಇಡುವ ಸರ್ವರ್) ಆ ಫೈಲಿನಲ್ಲಿ ಸಿಗುವುದೇ ಇಲ್ಲ.

ಒಂದು ತೊಡಕಿದೆ. ಯುಐಡಿ ಒಂದೇ ಅಲ್ಲ, ಮುಖ್ಯವಾಗಿ ರಿಯಲ್ ಮತ್ತು ಎಫೆಕ್ಟಿವ್ ಎಂದು ಎರಡಿವೆ. ಪಾಸ್‌ವರ್ಡ್ ಬದಲಿಸುವ ಕಮಾಂಡ್ ಓಡುವಾಗ ರಿಯಲ್ ನಿಮ್ಮ 1000, ಎಫೆಕ್ಟಿವ್ ರೂಟ್‌ನ (ಎಲ್ಲ ಅಧಿಕಾರ ಇರುವ ಅಡ್ಮಿನ್ ಅಕೌಂಟ್‌ನ) 0. ಫೈಲ್ ಮುಟ್ಟಬಹುದೋ ಇಲ್ಲವೋ ಎನ್ನುವುದಕ್ಕೆ ಎಫೆಕ್ಟಿವ್, ಕೂತು ಟೈಪ್ ಮಾಡಿದ್ದು ಯಾರು ಎನ್ನುವುದಕ್ಕೆ ರಿಯಲ್.

ಹೋಮ್ ವಿಷಯದಲ್ಲೇ ಜಾಸ್ತಿ ಎಡವಟ್ಟು. ಲಾಗಿನ್ ಆದಾಗ ಆ ಆರನೇ ಕಾಲಂ ಸುಮ್ನೆ ‘ಹೋಮ್’ (ಇಂಗ್ಲಿಷ್‌ನ ದೊಡ್ಡಕ್ಷರಗಳಲ್ಲಿ) ಎಂಬ ವೇರಿಯಬಲ್‌ಗೆ ಕಾಪಿ ಆಗುತ್ತದೆ. ಆಮೇಲೆ ಅದನ್ನು ಯಾರು ಬೇಕಾದರೂ ಬದಲಿಸಬಹುದು. ಬ್ಯಾಶ್‌ನಲ್ಲಿ ‘ಹೋಮ್=/ಟಿಎಂಪಿ’ ಕೊಟ್ಟು ‘ಎಕೋ ~’ ಮಾಡಿ ನೋಡಿ. ಟಿಎಂಪಿ ಬರುತ್ತದೆ. ‘ಎಕೋ ~ರಮ್ಯ’ ಮಾಡಿದರೆ ಹಳೆಯ ವಿಳಾಸವೇ ಬರುತ್ತದೆ, ಏಕೆಂದರೆ ಅದು ಪಾಸ್‌ಡಬ್ಲ್ಯೂಡಿ ಸಾಲಿನಿಂದ ಬಂದದ್ದು.

ನಿಮ್ಮ ಪ್ರೋಗ್ರಾಂ ಸೆಟ್ಟಿಂಗ್ಸ್ ಓದುವುದಷ್ಟೇ ಆದರೆ ಮೊದಲು ವೇರಿಯಬಲ್ ನೋಡಿ, ಅದು ಖಾಲಿ ಇದ್ದರೆ ಮಾತ್ರ ಪಾಸ್‌ಡಬ್ಲ್ಯೂಡಿಗೆ ಹೋಗಿ. ಪೈಥಾನ್‌ನ ‘ಎಕ್ಸ್‌ಪ್ಯಾಂಡ್‌ಯೂಸರ್’ ಹೆಚ್ಚುಕಡಿಮೆ ಹೀಗೇ ಮಾಡುತ್ತದೆ. ಭದ್ರತೆಯ ಕೆಲಸಕ್ಕೆ ವೇರಿಯಬಲ್ ನಂಬಬೇಡಿ. ಬೇರೆ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತನ್ನ ಕೀಗಳನ್ನು ಹುಡುಕುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸುಡೋ (ರೂಟ್ ಹೆಸರಿನಲ್ಲಿ ಕಮಾಂಡ್ ಓಡಿಸುವ ಸಾಧನ) ಬಳಸಿದ ಮೇಲೆ ನಿಮ್ಮದೇ ಫೈಲಿಗೆ ‘ಪರ್ಮಿಷನ್ ಡಿನೈಡ್’ ಬಂದಿದೆಯಾ? ಉಬುಂಟು 19.10ಕ್ಕಿಂತ ಹಿಂದೆ ಸುಡೋ ನಿಮ್ಮ ಹೋಮ್ ವೇರಿಯಬಲನ್ನು ಹಾಗೇ ಉಳಿಸುತ್ತಿತ್ತು. ರೂಟ್ ಹೆಸರಿನಲ್ಲಿ ಓಡುವ ಪ್ರೋಗ್ರಾಂ ನಿಮ್ಮ ಡೈರೆಕ್ಟರಿಯಲ್ಲಿ ಫೈಲ್ ಬರೆದುಬಿಡುತ್ತಿತ್ತು, ಆ ಫೈಲಿನ ಒಡೆತನ ರೂಟ್‌ಗೆ ಹೋಗುತ್ತಿತ್ತು.

ಕಂಟೇನರ್‌ಗಳಲ್ಲಿ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಗಳಲ್ಲಿ) ಕೆಲವೊಮ್ಮೆ ಯುಐಡಿಗೆ ಪಾಸ್‌ಡಬ್ಲ್ಯೂಡಿ ಸಾಲೇ ಇರುವುದಿಲ್ಲ. ಆಗ ಬ್ಯಾಶ್ ಪ್ರಾಂಪ್ಟ್ ‘ಐ ಹ್ಯಾವ್ ನೋ ನೇಮ್!’ ಎನ್ನುತ್ತದೆ. ಗೆಟ್‌ಪಿಡಬ್ಲ್ಯೂಯುಐಡಿ ನಲ್ (‘ಏನೂ ಇಲ್ಲ’ ಎಂಬ ಉತ್ತರ) ಕೊಡುತ್ತದೆ. ಅದನ್ನು ಚೆಕ್ ಮಾಡದ ಸಿ ಪ್ರೋಗ್ರಾಂ ಅಲ್ಲೇ ಕ್ರ್ಯಾಶ್ ಆಗುತ್ತದೆ.