ನಿವೃತ್ತರ ವಸತಿಗೃಹವನ್ನು ಆರಿಸುವ ಮುನ್ನ

ಕಟ್ಟಡದ ಅಂದಚೆಂದಕ್ಕಿಂತ ಮೊದಲು ಒಪ್ಪಂದದ ಪತ್ರವನ್ನು ಓದಿ. ಮಾಸಿಕ ಶುಲ್ಕದಲ್ಲಿ ಏನೇನು ಸೇರಿದೆ, ಅದು ವರ್ಷಕ್ಕೆ ಎಷ್ಟು ಏರಬಹುದು, ಮನೆ ಬಿಡುವಾಗ ಅಥವಾ ನಿವಾಸಿ ತೀರಿಕೊಂಡಾಗ ಠೇವಣಿಯ ಎಷ್ಟು ಭಾಗ ಯಾವ ಅವಧಿಯೊಳಗೆ ಮರಳುತ್ತದೆ ಎಂಬುದೆಲ್ಲವೂ ಬರವಣಿಗೆಯಲ್ಲಿಯೇ ಇರಬೇಕು. ಬಾಯಿಮಾತಿನ ಭರವಸೆ ಸಾಲದು. ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವ ಪ್ರಶ್ನೆಯೆಂದರೆ, ಇಂದು ಸ್ವತಂತ್ರವಾಗಿ ಓಡಾಡುವವರು ಮುಂದೆ ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆಗೆ ತುತ್ತಾದರೆ ಅಲ್ಲಿಯೇ ಆರೈಕೆ ದೊರೆಯುತ್ತದೆಯೇ, ಇಲ್ಲವೇ ಆ ಸ್ಥಿತಿಯಲ್ಲಿ ಬೇರೆಡೆಗೆ ಹೋಗಬೇಕಾಗುತ್ತದೆಯೇ ಎಂಬುದು. ರಾತ್ರಿ ಪಾಳಿಯಲ್ಲಿ ಎಷ್ಟು ದಾದಿಯರಿರುತ್ತಾರೆಂದು ತಪ್ಪದೆ ಕೇಳಿ. ಸ್ನಾನದ ಕೋಣೆಯ ಹಿಡಿಕಂಬಿಗಳನ್ನೂ ಗಾಲಿಕುರ್ಚಿ ಹಾಯುವಷ್ಟು ಬಾಗಿಲಿನ ಅಗಲವನ್ನೂ ಕಣ್ಣಾರೆ ಪರೀಕ್ಷಿಸಿ. ಸಾಧ್ಯವಾದರೆ ಕೆಲವು ವಾರ ತಾತ್ಕಾಲಿಕವಾಗಿ ಇದ್ದು ನೋಡಲು ಅವಕಾಶ ಕೇಳಿ, ಅಂತಿಮ ತೀರ್ಮಾನವನ್ನು ಅಲ್ಲಿ ವಾಸಿಸಬೇಕಾದ ಹಿರಿಯರಿಗೇ ಬಿಡಿ.