ಹನ್ನೊಂದು ಆಟದಿಂದ ಮೂರಕ್ಕೆ: ಕಾರ್ಯಾಗಾರ ನಡೆಸುವವನ ಅನುಭವ

ಇಡೀ ದಿನದ ಕಾರ್ಯಾಗಾರವನ್ನು ಮೊದಲ ಸಲ ನಡೆಸುವಾಗ ಹನ್ನೊಂದು ಚಟುವಟಿಕೆ ಹೊತ್ತುಕೊಂಡು ಹೋಗಿದ್ದೆ. ಬಲೂನು, ಹಗ್ಗ, ಕಣ್ಣಿಗೆ ಕಟ್ಟುವ ಬಟ್ಟೆ, ಗೋಪುರ ಕಟ್ಟಲು ಹಳೆಯ ಪೇಪರು ಎಲ್ಲ ಚೀಲದಲ್ಲಿತ್ತು. ವಿಷಯ ‘ತಂಡದಲ್ಲಿ ಸಂವಹನ’. ನಗು, ಕೇಕೆ, ಚಪ್ಪಾಳೆಗೆ ಬರವಿರಲಿಲ್ಲ. ಸಂಜೆ ಕೈಗೆ ಬಂದ ಫೀಡ್‌ಬ್ಯಾಕ್ ಫಾರಂಗಳಲ್ಲಿ ಹೆಚ್ಚಿನವು ಐದಕ್ಕೆ ಐದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ತಿಂಗಳಾದ ಮೇಲೆ ಆ ತಂಡದವರೊಬ್ಬರು ಸಿಕ್ಕರು. “ಸರ್, ಆ ಬಲೂನ್ ಆಟ ಈಗಲೂ ನೆನಪಿದೆ” ಅಂದರು. ಹಿಗ್ಗಿಹೋಗಿ, “ಅದನ್ನ ಯಾಕೆ ಆಡಿಸಿದ್ದು ನೆನಪಿದೆಯಾ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಅದು... ನಿದ್ದೆ ಬರಬಾರದು ಅಂತ ಅಲ್ವಾ ಸರ್?” ಅಂದರು.

ಕೆಲಸವೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಮಾಹಿತಿ ಎಲ್ಲಿ ಸೋರುತ್ತದೆ ಎಂದು ತೋರಿಸಲು ನಾನು ಆಡಿಸಿದ್ದ ಆಟ ಅದು. ಅದರ ಬಗ್ಗೆ ಮಾತಾಡಲು ಇಟ್ಟುಕೊಂಡಿದ್ದ ಸಮಯ ನಾಲ್ಕು ನಿಮಿಷ. ಹಿಂದಿನ ಆಟ ತಡವಾಗಿ ಮುಗಿದದ್ದರಿಂದ ಆ ನಾಲ್ಕು ನಿಮಿಷವೂ ಸಿಕ್ಕಿರಲಿಲ್ಲ. “ಎಲ್ಲರಿಗೂ ಅರ್ಥ ಆಯ್ತಲ್ಲ?” ಅಂದು, ಉತ್ತರಕ್ಕೂ ನಿಲ್ಲದೆ ಮುಂದಿನ ಆಟಕ್ಕೆ ಹಾರಿದ್ದೆ.

ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬಾತ 1959ರಲ್ಲಿ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಬಂದವರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಅದರಿಂದ ಫಲ ಸಿಕ್ಕಿತೇ. ಇದನ್ನು ನಾನು ಸ್ಲೈಡ್‌ನಲ್ಲಿ ಹಾಕಿ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ! ನನ್ನ ಐದಕ್ಕೆ ಐದೆಲ್ಲ ಮೊದಲ ಹಂತದಲ್ಲೇ ನಿಂತಿದ್ದವು ಎಂಬುದು ಮಾತ್ರ ಅಂದು ಹೊಳೆದಿರಲಿಲ್ಲ.

ಆಮೇಲೆ ತಯಾರಿಯ ಕ್ರಮವನ್ನೇ ತಿರುಗಿಸಿದೆ. ಮೊದಲೆಲ್ಲ ‘ಯಾವ ಆಟ ಆಡಿಸಲಿ?’ ಎಂದು ಶುರುಮಾಡುತ್ತಿದ್ದೆ. ಈಗ ದಿನಾಂಕ ಗೊತ್ತಾದ ಕೂಡಲೇ ಬರಲಿರುವವರಲ್ಲಿ ನಾಲ್ಕೈದು ಮಂದಿಗೆ ಫೋನ್ ಮಾಡುತ್ತೇನೆ. ಕಾರ್ಯಾಗಾರ ಬೇಕೆಂದ ಮೇಲಧಿಕಾರಿಯ ಮಾತು ಒಂದು, ಕೂತು ಕಲಿಯಬೇಕಾದವರ ಮಾತು ಇನ್ನೊಂದು. ಹಲವು ಸಲ ಎರಡಕ್ಕೂ ಸಂಬಂಧವೇ ಇರುವುದಿಲ್ಲ. “ನಿಮಗೆ ಏನು ಕಲಿಯಬೇಕು?” ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಗೆ ‘ಆತ್ಮವಿಶ್ವಾಸ’, ‘ನಾಯಕತ್ವ’ ಅನ್ನುವಂಥ ಉತ್ತರಗಳೇ ಬರುತ್ತವೆ, ಅವುಗಳಿಂದ ಏನೂ ಕಟ್ಟಲಾಗುವುದಿಲ್ಲ. “ಈಚೆಗೆ ಕೆಲಸದ ಜಾಗದಲ್ಲಿ ಯಾವ ಮಾತುಕತೆ ಕೆಟ್ಟಿತು? ಅವರು ಏನಂದರು, ನೀವು ಏನಂದಿರಿ?” ಎಂದು ಕೇಳಿದರೆ ಜನ ಕಥೆ ಹೇಳುತ್ತಾರೆ. ಆ ಕಥೆಗಳೇ ನನ್ನ ಪಠ್ಯ.

ಒಮ್ಮೆ ‘ಸಮಯ ನಿರ್ವಹಣೆ’ ಎಂದು ಕರೆದಿದ್ದರು. ಐದು ಫೋನ್ ಕರೆಗಳಲ್ಲಿ ನಾಲ್ವರು ಹೇಳಿದ್ದು ಹೆಚ್ಚುಕಡಿಮೆ ಒಂದೇ: ಸಂಜೆ ಹೊರಡುವ ಹೊತ್ತಿಗೆ ಮೇಲಿನವರು ಹೊಸ ಕೆಲಸ ಕೊಡುತ್ತಾರೆ, ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ತುರ್ತು ಕೆಲಸ, ಮುಖ್ಯ ಕೆಲಸ ಎಂದು ನಾಲ್ಕು ಚೌಕ ಬರೆಸಿದ್ದರೆ ಅವರಿಗೆ ಏನು ದಕ್ಕುತ್ತಿತ್ತು? ವಿಷಯವನ್ನು ‘ಇಲ್ಲ ಎನ್ನುವುದು ಹೇಗೆ, ಗಡುವು ಕೇಳುವುದು ಹೇಗೆ’ ಎಂದು ಬದಲಿಸಿಕೊಂಡೆ. ಜೊತೆಗೆ ಕರೆದವರಿಗೂ ಹೇಳಿದೆ: ಇದರಲ್ಲಿ ಅರ್ಧ ಕೌಶಲದ ಕೊರತೆ, ಅರ್ಧ ನಿಮ್ಮ ವ್ಯವಸ್ಥೆಯದ್ದು, ಎರಡನೆಯದು ಕಾರ್ಯಾಗಾರದಿಂದ ಸರಿಹೋಗುವುದಿಲ್ಲ. ಅವರಿಗೆ ಹಿಡಿಸಲಿಲ್ಲ. ಆದರೂ ಆ ಮಾತನ್ನು ಮೊದಲೇ ಆಡಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಆಗದ ಕೆಲಸದ ಹೊಣೆಯೂ ತರಬೇತುದಾರನ ತಲೆಗೇ ಬರುತ್ತದೆ.

ಮುಂದಿನದು ಒಂದು ವಾಕ್ಯ ಬರೆಯುವ ಕೆಲಸ. ‘ಈ ದಿನ ಮುಗಿದಾಗ ಇವರು __ ಮಾಡಬಲ್ಲರು’. ಆ ಖಾಲಿ ಜಾಗದಲ್ಲಿ ‘ತಿಳಿದುಕೊಳ್ಳುವುದು’, ‘ಅರಿವು ಮೂಡುವುದು’ ಎಂಬ ಪದಗಳು ಬಂದರೆ ಹೊಡೆದುಹಾಕುತ್ತೇನೆ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕ್ರಿಯೆಯೇ ಬೇಕು. ಆ ವಾಕ್ಯ ಸಿಕ್ಕಿದ ಮೇಲೆ ಚಟುವಟಿಕೆ ಆರಿಸುವುದು ಕಷ್ಟವಲ್ಲ, ಇಡೀ ದಿನಕ್ಕೆ ಮೂರು ಸಾಕು. ಮೂರರಲ್ಲೂ ಒಂದನ್ನು ಕೆಂಪು ಪೆನ್ನಿನಲ್ಲಿ ಬರೆದಿರುತ್ತೇನೆ: ಹೊತ್ತು ಮೀರಿದರೆ ಬಿಡುವುದು ಇದನ್ನು, ಮಾತುಕತೆಯನ್ನಲ್ಲ.

ಲೆಕ್ಕವೂ ಸರಳ. ಚಟುವಟಿಕೆ ಇಪ್ಪತ್ತು ನಿಮಿಷದ್ದಾದರೆ ಅದರ ನಂತರದ ಮಾತಿಗೂ ಇಪ್ಪತ್ತು ನಿಮಿಷ, ಕೆಲವೊಮ್ಮೆ ಮೂವತ್ತು. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವಾತ್ಮಕ ಕಲಿಕೆಯ ಚಕ್ರದಲ್ಲಿ ಅನುಭವ ಎಂಬುದು ನಾಲ್ಕರಲ್ಲಿ ಒಂದು ಭಾಗ ಮಾತ್ರ. ಅದನ್ನು ತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆಗೆ ಬರುವುದು, ಅದನ್ನು ಮತ್ತೆ ಪ್ರಯೋಗಿಸಿ ನೋಡುವುದು ಉಳಿದ ಮೂರು. ನಾನು ಆ ಒಂದನ್ನೇ ಹನ್ನೊಂದು ಸಲ ಮಾಡಿಸಿದ್ದೆ.

ಚಟುವಟಿಕೆ ಮುಗಿದ ಮೇಲೆ ಕೇಳುವ ಪ್ರಶ್ನೆಗಳನ್ನು ಟೆರ್ರಿ ಬೋರ್ಟನ್ ಎಂಬ ಶಿಕ್ಷಣ ಚಿಂತಕರಿಂದ ತೆಗೆದುಕೊಂಡಿದ್ದೇನೆ. 1970ರಷ್ಟು ಹಳೆಯವು, ಇನ್ನೂ ಸವೆದಿಲ್ಲ. ಏನಾಯಿತು? ಅದರಿಂದ ತಿಳಿದದ್ದೇನು? ಇನ್ನು ಮುಂದೇನು? ಕ್ರಮ ತಪ್ಪಿಸಬಾರದು. ‘ಇದರಿಂದ ಏನು ಕಲಿತಿರಿ?’ ಎಂದು ನೇರ ಎರಡನೆಯದಕ್ಕೆ ಹೋದರೆ ಶಾಲೆಯ ಮಕ್ಕಳ ಹಾಗೆ ನಮಗೆ ಬೇಕಾದ ಉತ್ತರವನ್ನೇ ಒಪ್ಪಿಸಿಬಿಡುತ್ತಾರೆ. ‘ಏನಾಯಿತು’ ಎಂಬಲ್ಲಿ ಸಾಕಷ್ಟು ಹೊತ್ತು ನಿಂತರೆ, “ನೀವು ಮಾತಾಡುವಾಗ ಅವರು ಕೈ ಎತ್ತಿದ್ದರು, ನೀವು ನೋಡಲಿಲ್ಲ” ಎಂದು ಯಾರೋ ಯಾರಿಗೋ ಹೇಳುತ್ತಾರೆ. ದಿನದ ಪಾಠ ಅಲ್ಲಿ ಹುಟ್ಟುತ್ತದೆ, ನಾನು ಅದನ್ನು ಬೋರ್ಡಿನ ಮೇಲೆ ಬರೆದುಕೊಂಡರೆ ಸಾಕು.

ಈ ಹೊತ್ತಿನಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲಿ ಗಮನಿಸಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಕೇಳಲು ಸಲೀಸು. ಇಪ್ಪತ್ತು ಜೊತೆ ಕಣ್ಣು ನಮ್ಮನ್ನೇ ನೋಡುವಾಗ ಮೂರು ಸೆಕೆಂಡು ಮೂರು ಗಂಟೆಯಾಗುತ್ತದೆ. ನಾನು ಹುಡುಕಿಕೊಂಡ ಉಪಾಯ ಮಾರ್ಕರ್‌ನ ಮುಚ್ಚಳ ತೆಗೆದು ಹಾಕುವುದು. ಪ್ರಶ್ನೆ ಕೇಳಿ ಬೋರ್ಡಿನತ್ತ ತಿರುಗಿ, ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ಈ ಕಡೆ ತಿರುಗುವಷ್ಟರಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡಿರುತ್ತಾರೆ. ಗುಂಪು ತೀರಾ ಮೌನವಾಗಿದ್ದರೆ ಮೊದಲು ಒಬ್ಬೊಬ್ಬರೇ ಒಂದು ನಿಮಿಷ ಬರೆದುಕೊಳ್ಳಲಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲಿ, ಆಮೇಲೆ ಎಲ್ಲರೆದುರು ಹೇಳಲಿ. ಫ್ರಾಂಕ್ ಲೈಮನ್ 1981ರಲ್ಲಿ ತರಗತಿಗೆಂದು ಕೊಟ್ಟ ಈ ವಿಧಾನ ದೊಡ್ಡವರಲ್ಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ರೋಲ್ ಪ್ಲೇ, ಅಂದರೆ ಪಾತ್ರ ವಹಿಸಿ ಸನ್ನಿವೇಶವನ್ನು ಆಡಿ ತೋರಿಸುವ ಚಟುವಟಿಕೆಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಕಿರಿಯ ಉದ್ಯೋಗಿಯೊಬ್ಬರನ್ನು ಮುಂದೆ ಕರೆದು, ಅದೇ ಕೋಣೆಯಲ್ಲಿದ್ದ ಅವರ ಮೇಲಧಿಕಾರಿಯನ್ನೇ ಎದುರು ಕೂರಿಸಿ, “ರಜೆ ಕೇಳುವ ಸನ್ನಿವೇಶ ಮಾಡಿ ತೋರಿಸಿ” ಅಂದೆ. ತಮಾಷೆಯಾಗಿರುತ್ತದೆ ಅಂದುಕೊಂಡಿದ್ದೆ. ಎರಡನೇ ಮಾತಿಗೇ ಆಕೆಯ ದನಿ ನಡುಗಿತು, ಕಣ್ಣು ತುಂಬಿತು. ಇದು ನಟನೆಯಲ್ಲ, ಅವರ ದಿನನಿತ್ಯ ಎಂದು ಕೋಣೆಗೆಲ್ಲ ಗೊತ್ತಾಯಿತು. ವಿರಾಮ ಕೊಟ್ಟು ಕ್ಷಮೆ ಕೇಳಿದೆ. ಮಧ್ಯಾಹ್ನದ ಮೇಲೆ ಯಾರೂ ಮನಬಿಚ್ಚಿ ಮಾತಾಡಲಿಲ್ಲ, ಮಾತಾಡುವುದು ಸಾಧ್ಯವೂ ಇರಲಿಲ್ಲ.

ಅಂದಿನಿಂದ ಎಲ್ಲರ ಮುಂದೆ ರೋಲ್ ಪ್ಲೇ ಮಾಡಿಸುವುದನ್ನು ಬಿಟ್ಟೆ. ಮೂವರ ಗುಂಪು ಮಾಡುತ್ತೇನೆ: ಒಬ್ಬರು ಮಾತಾಡುವವರು, ಒಬ್ಬರು ಎದುರಿನವರು, ಒಬ್ಬರು ಸುಮ್ಮನೆ ನೋಡಿ ಬರೆದುಕೊಳ್ಳುವವರು. ಏಳೇಳು ನಿಮಿಷಕ್ಕೊಮ್ಮೆ ಪಾತ್ರ ಬದಲು. ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿಗೆ ಬೀಳದಂತೆ ಹೆಸರುಗಳನ್ನು ಹಿಂದಿನ ರಾತ್ರಿಯೇ ಹಂಚಿಟ್ಟಿರುತ್ತೇನೆ. ನೋಡುವವರ ಕೆಲಸ ಎಲ್ಲಕ್ಕಿಂತ ಕಷ್ಟದ್ದು, ಕಲಿಕೆಯೂ ಅವರಿಗೇ ಹೆಚ್ಚು. “ಚೆನ್ನಾಗಿ ಮಾತಾಡಿದಿರಿ” ಎಂಬುದು ಅಭಿಪ್ರಾಯವಾಗುತ್ತದೆ, ಹಿಮ್ಮಾಹಿತಿ (ಫೀಡ್‌ಬ್ಯಾಕ್) ಆಗುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಿರುತ್ತೇನೆ. ಸನ್ನಿವೇಶ, ನಡವಳಿಕೆ, ಅದರ ಪರಿಣಾಮ, ಈ ಮೂರೂ ಬರಬೇಕು. “ನೀವು ಜವಾಬ್ದಾರಿ ಇಲ್ಲದವರು” ಅಂದರೆ ಜಗಳ. “ಸೋಮವಾರದ ಮೀಟಿಂಗ್‌ಗೆ ವರದಿ ಬರಲಿಲ್ಲ, ನಾನು ಬರಿಗೈಯಲ್ಲಿ ಕೂರಬೇಕಾಯಿತು” ಅಂದರೆ ಮಾತು ಮುಂದುವರಿಯುತ್ತದೆ. ಇಷ್ಟನ್ನು ಸ್ಲೈಡಿನಲ್ಲಿ ತೋರಿಸಲು ಎರಡು ನಿಮಿಷ ಸಾಕು, ನಾಲಿಗೆಗೆ ಹತ್ತಿಸಲು ಅರ್ಧ ದಿನ ಬೇಕು.

ಇನ್ನು ಕೆಲವು ಚಿಲ್ಲರೆ ಸಂಗತಿಗಳು. ಸೂಚನೆ ಹೇಳಿ ಮುಗಿಯುವ ತನಕ ಕಾಗದ, ಪೆನ್ನು ಹಂಚಬೇಡಿ, ಕೈಗೆ ವಸ್ತು ಬಂದೊಡನೆ ಕಿವಿ ಮುಚ್ಚಿಕೊಳ್ಳುತ್ತದೆ. ಸೂಚನೆಯನ್ನು ಬೋರ್ಡಿನ ಮೇಲೂ ಬರೆಯಿರಿ. ಕುರ್ಚಿಗಳು ಲಾಳದ ಆಕಾರದಲ್ಲಿದ್ದರೆ ಒಳ್ಳೆಯದು. ಸಾಲು ಸಾಲಾಗಿ ಜೋಡಿಸಿಟ್ಟಿದ್ದರೆ ಬೇಗ ಹೋಗಿ ನೀವೇ ಎತ್ತಿಡಿ. ಊಟದ ನಂತರದ ಗಂಟೆಗೆ ಸ್ಲೈಡ್ ಇಟ್ಟುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಶಿಕ್ಷೆ. ಎಲ್ಲದಕ್ಕೂ ತಾನೇ ಉತ್ತರಿಸುವ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರನ್ನು ತಡೆಯುವುದಕ್ಕಿಂತ ಬೋರ್ಡಿನಲ್ಲಿ ಬರೆಯುವ ಕೆಲಸ ಕೊಟ್ಟುಬಿಡುವುದು ಲೇಸು. ಪರದೆಯ ಮೇಲೆ ನಡೆಸುವ ಆನ್‌ಲೈನ್ ಕಾರ್ಯಾಗಾರ ನನಗೆ ಇನ್ನೂ ಪೂರ್ತಿ ಒಲಿದಿಲ್ಲ, ಎರಡು ಗಂಟೆ ದಾಟಿಸುವುದಿಲ್ಲ ಎಂಬುದೊಂದೇ ಅಲ್ಲಿ ನನ್ನ ನಿಯಮ.

ಕೊನೆಯ ಅರ್ಧ ಗಂಟೆಯನ್ನು ಭಾಷಣಕ್ಕಾಗಲಿ ಗ್ರೂಪ್ ಫೋಟೋಗಾಗಲಿ ಬಿಟ್ಟುಕೊಡುವುದಿಲ್ಲ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಬೇಕು: ಎರಡು ವಾರದೊಳಗೆ ಯಾರೊಂದಿಗೆ, ಯಾವ ಮಾತುಕತೆ ಮಾಡುತ್ತೇನೆ. ಬರೆದದ್ದನ್ನು ಒಬ್ಬ ಜೊತೆಗಾರರಿಗೆ ಓದಿ ಹೇಳಬೇಕು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಗಂಟೆಗಳಲ್ಲೇ ಮರೆತುಹೋಗುತ್ತದೆ ಎಂದು ತೋರಿಸಿದ್ದ. ಆತ ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ನಮ್ಮ ವಿಷಯಕ್ಕೆ ಅರ್ಥವಿದೆ, ನಿಜ. ಆದರೂ ಮರುದಿನ ಮುನ್ನೂರು ಇಮೇಲ್‌ಗಳ ನಡುವೆ ಅದು ಎಷ್ಟು ಉಳಿದೀತು? ಅದಕ್ಕೇ ಎರಡು ವಾರದ ಮೇಲೆ ಎಲ್ಲರಿಗೂ ಒಂದೇ ಸಾಲು ಕಳಿಸುತ್ತೇನೆ: “ಆ ಮಾತುಕತೆ ಆಯಿತೇ?”

ಈಚಿನ ಗುಂಪಿನಲ್ಲಿ ಇಪ್ಪತ್ತೊಂದು ಜನರಿದ್ದರು. ಉತ್ತರಿಸಿದವರು ಹನ್ನೆರಡು, ಮಾತಾಡಿ ನೋಡಿದವರು ಏಳು. ಅವರಲ್ಲಿ ಒಬ್ಬರು ಬರೆದಿದ್ದರು: “ನೀವು ಹೇಳಿದ ಹಾಗೇ ಮಾಡಿದೆ. ಮೊದಲಿಗಿಂತ ಕೆಟ್ಟಿತು.” ಫೋನ್ ಮಾಡಿದೆ. ಯಾರು ಯಾವಾಗ ಏನಂದರು ಎಂದು ಮಾತಿಗೆ ಮಾತು ಕೇಳಿ ಬರೆದುಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಮುಂದಿನ ಗುಂಪಿನ ಮೊದಲ ರೋಲ್ ಪ್ಲೇ ಅದೇ. ಅವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಮತ್ತು ವಿಭಾಗ ಬದಲಿಸಿದ್ದೇನೆ.