ಮೇಣ ಕರಗಿಸುವಾಗ ಒಲೆ ಬಿಟ್ಟು ಕದಲಬೇಡಿ

ಮನೆಯಲ್ಲೇ ಮೇಣದಬತ್ತಿ ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಲೆಯ ಮುಂದೆ. ಪ್ಯಾರಾಫಿನ್ ಮೇಣವನ್ನು ನೇರವಾಗಿ ಉರಿಯ ಮೇಲಿಟ್ಟು ಫೋನ್ ಹಿಡಿದು ಕೂರುವವರನ್ನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

1. ಹತ್ತಿಯ ಬತ್ತಿಯನ್ನು ಬಿಸಿ ತಡೆಯುವ ಗಾಜಿನ ಲೋಟದ ತಳಕ್ಕೆ ಅಂಟಿಸಿ, ಮೇಲ್ತುದಿಯನ್ನು ಕಡ್ಡಿಗೆ ಸುತ್ತಿ ನೆಟ್ಟಗೆ ನಿಲ್ಲಿಸಿ.

2. ಇನ್ನು ಕರಗಿಸುವುದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಚೂರು ತುಂಬಿದ ಚಿಕ್ಕ ಪಾತ್ರೆ ಇಡಿ. ಮೇಣ ಕರಗಲು ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್ ಸಾಕು. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಒಳಗಿನ ಮೇಣವೂ ದಾಟುವುದಿಲ್ಲ. ಆದರೆ ಹೊರಗಿನ ನೀರು ಪೂರ್ತಿ ಆವಿಯಾಗಿ ಹೋದರೆ ಈ ರಕ್ಷಣೆ ಮುಗಿಯಿತು. ಆಗಾಗ ನೋಡಿ ನೀರು ಸೇರಿಸುತ್ತಿರಿ, ಹನಿಯೂ ಮೇಣಕ್ಕೆ ಬೀಳದಿರಲಿ.

ನೇರ ಉರಿಯಲ್ಲಿಟ್ಟ ಮೇಣ ನೀರಿನಂತೆ ಕುದಿದು ಎಚ್ಚರಿಸುವುದಿಲ್ಲ. ಸುಮ್ನೆ ಕಾಯುತ್ತಲೇ ಹೋಗುತ್ತದೆ. 200 ಡಿಗ್ರಿಯ ಆಸುಪಾಸಿಗೆ ಬಂತೆಂದರೆ ಅದರ ಆವಿಗೆ ಬೆಂಕಿ ಹತ್ತಬಹುದು. ಹೊಗೆ ಕಂಡರೆ ಆಗಲೇ ಜಾಸ್ತಿ ಕಾದಿದೆ ಎಂದರ್ಥ, ಕೂಡಲೇ ಒಲೆ ಆರಿಸಿ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಬೆಂಕಿ ಹತ್ತಿದರೆ? ನೀರು ಮಾತ್ರ ಸುರಿಯಬೇಡಿ. ನೀರು ಮೇಣಕ್ಕಿಂತ ಭಾರ. ತಳಕ್ಕಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಮೇಣವನ್ನು ಸುತ್ತಲೂ ಎರಚಿಬಿಡುತ್ತದೆ. ಪಾತ್ರೆ ಎತ್ತಿಕೊಂಡು ಓಡುವುದೂ ಬೇಡ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಆ ಮುಚ್ಚಳ ಮೊದಲಿನಿಂದಲೂ ಕೈಗೆ ಸಿಗುವಲ್ಲಿರಲಿ. ಬೆಂಕಿ ಕೈಮೀರಿದರೆ ಎಲ್ಲರೂ ಹೊರಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಮೈಕ್ರೋವೇವ್ ಎಂಬ ಅಡ್ಡದಾರಿಯೂ ಬೇಡ. ಶುದ್ಧ ಪ್ಯಾರಾಫಿನ್ ಆ ಅಲೆಗಳನ್ನು ಹೆಚ್ಚು ಹೀರುವುದಿಲ್ಲ. ಪಾತ್ರೆ ಸುಡುತ್ತಿದ್ದರೂ ನಡುವಿನ ಮೇಣ ಗಟ್ಟಿಯಾಗಿಯೇ ಉಳಿಯಬಹುದು.

3. ಮೇಣಕ್ಕೆಂದೇ ಮಾಡಿದ ಬಣ್ಣ ಹಾಕಿ. ಕ್ರೇಯಾನ್ ತುರಿದು ಹಾಕಿದರೆ ಅದರ ಪುಡಿ ಬತ್ತಿಯಲ್ಲಿ ಕಟ್ಟಿಕೊಂಡು ಜ್ವಾಲೆ ಸೊರಗುತ್ತದೆ. ನೀರಿನಲ್ಲಿ ಕರಗುವ ಅಡುಗೆ ಬಣ್ಣ ಬೆರೆಯುವುದೇ ಇಲ್ಲ, ತಳದಲ್ಲಿ ಹನಿಹನಿಯಾಗಿ ನಿಲ್ಲುತ್ತದೆ.

4. ಸುಮಾರು 70 ಡಿಗ್ರಿಗೆ ಇಳಿದಾಗ ನಿಧಾನವಾಗಿ ಸುರಿಯಿರಿ. ಸ್ವಲ್ಪ ಮೇಣ ಉಳಿಸಿಕೊಳ್ಳಿ. ಪ್ಯಾರಾಫಿನ್ ಗಟ್ಟಿಯಾಗುವಾಗ ಕುಗ್ಗುವುದರಿಂದ ಬತ್ತಿಯ ಸುತ್ತ ಗುಳಿ ಬೀಳುತ್ತದೆ. ಮೇಲ್ಭಾಗ ಹೆಪ್ಪುಗಟ್ಟಿದ ಮೇಲೆ ಕಡ್ಡಿಯಿಂದ ಒಂದೆರಡು ತೂತು ಮಾಡಿ, ಉಳಿದದ್ದನ್ನು ಮತ್ತೆ ಕರಗಿಸಿ ತುಂಬಿ.

ಬಿಸಿ ಮೇಣ ಕೈಗೆ ಬಿದ್ದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ, ಅಂಟಿದ್ದನ್ನು ಕಿತ್ತರೆ ಚರ್ಮವೂ ಬರಬಹುದು. ಪಾತ್ರೆಯನ್ನು ಬಿಸಿ ಇರುವಾಗಲೇ ಕಾಗದದಿಂದ ಒರೆಸಿ. ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ.